ಮೊದಲು ಕಫ, ಆಮೇಲೆ ಮಾತ್ರೆ

ಮೊನ್ನೆ ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ತಿಂಗಳಿಗೊಮ್ಮೆ ಕಫ ಕೊಡಲು ಆಸ್ಪತ್ರೆಗೆ ಹೋಗುತ್ತೇನೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಮೊನ್ನೆಯೂ ಮುಚ್ಚಳ ಬಿಗಿದ ಡಬ್ಬಿ ಹಿಡಿದುಕೊಂಡು ಪ್ರಯೋಗಾಲಯದ ಕಿಟಕಿಯ ಮುಂದೆ ಕಾಯುತ್ತಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ತಾಯಿ, ಜೊತೆಗೆ ಮಗಳು. ರಕ್ತ ಕೊಡಲು ಬಂದವರು. ತಾಯಿ ಕೆಮ್ಮುತ್ತಿದ್ದರು. ಎದೆಯ ತಳದಿಂದ ಏನನ್ನೋ ಎತ್ತಲು ಹೆಣಗಿ, ಅರ್ಧಕ್ಕೆ ಸೋತು, ಮತ್ತೆ ನುಂಗಿಕೊಳ್ಳುವ ಕೆಮ್ಮು. ಆ ಸದ್ದನ್ನು ನಾನು ಕತ್ತಲೆಯಲ್ಲಿಯೂ ಗುರುತಿಸಬಲ್ಲೆ. ನಾಲ್ಕು ವರ್ಷ ನನ್ನೊಳಗಿನಿಂದಲೇ ಕೇಳಿದ್ದೇನೆ.

"ಎಷ್ಟು ದಿನದಿಂದ?" ಎಂದು ಕೇಳಿದೆ. "ಎರಡು ವರ್ಷ ಆಯಿತು ಮೇಡಂ" ಎಂದಳು ಮಗಳು. ಮಾತಾಡುತ್ತಾ ಫೈಲನ್ನೇ ತೆಗೆದು ನನ್ನ ಮಡಿಲಲ್ಲಿಟ್ಟಳು. ಒಂಬತ್ತು ಚೀಟಿಗಳು. ಅವುಗಳಲ್ಲಿ ಏಳರಲ್ಲಿ ಒಂದೇ ಔಷಧ: ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಒಮ್ಮೆ ಮೂರು ದಿನಕ್ಕೆ, ಒಮ್ಮೆ ಐದು ದಿನಕ್ಕೆ. ಎಕ್ಸ್‌ರೇ ಎರಡು ಬಾರಿ. ರಕ್ತಪರೀಕ್ಷೆಯ ವರದಿಗಳು ಒಂದು ಕಟ್ಟು. ಕಫ ಪರೀಕ್ಷೆ ಹುಡುಕಿದೆ. ಮೊದಲಿನಿಂದ ಕೊನೆಯವರೆಗೆ ಹಾಳೆ ಮಗುಚಿದೆ. ಒಂದೂ ಇಲ್ಲ.

ಅಷ್ಟರಲ್ಲಿ ಆ ತಾಯಿ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿ, "ಅದೇನಮ್ಮ?" ಎಂದು ಕೇಳಿದರು.

ಎರಡು ವರ್ಷದಿಂದ ಕಫ ಕೆಮ್ಮುತ್ತಿರುವ ಮನುಷ್ಯರಿಗೆ ಕಫದ ಡಬ್ಬಿ ಹೇಗಿರುತ್ತದೆಂದು ಯಾರೂ ತೋರಿಸಿಲ್ಲ! ನನ್ನ ಸಿಟ್ಟೆಲ್ಲ ಇದೊಂದೇ ವಿಷಯದ ಮೇಲೆ. ಎದೆಯಲ್ಲಿ ಯಾವ ಕ್ರಿಮಿ ಕುಳಿತಿದೆಯೆಂದು ನೋಡದೆ ಅದಕ್ಕೆ ಏಳು ಸಲ ಔಷಧ ಕೊಟ್ಟಿದ್ದಾರೆ.

ನನ್ನ ಕಥೆಯನ್ನು ಪೂರ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿದೆ. ಹೊಸದಾಗಿ ಸೇರಿದವರಿಗಾಗಿ ಇಷ್ಟು: ನನಗೆ ಬ್ರಾಂಕಿಯೆಕ್ಟಾಸಿಸ್ ಇದೆ. ಶ್ವಾಸನಾಳಗಳು ಅಲ್ಲಲ್ಲಿ ಹಿಗ್ಗಿ ಸಡಿಲವಾಗಿವೆ, ಕಫವನ್ನು ಮೇಲಕ್ಕೆ ತಳ್ಳುವ ಶಕ್ತಿ ಅವಕ್ಕಿಲ್ಲ. ನಿಂತ ಕಫದಲ್ಲಿ ಕ್ರಿಮಿ ಬೆಳೆಯುತ್ತದೆ, ಕ್ರಿಮಿಯಿಂದ ಉರಿಯೂತ, ಉರಿಯೂತದಿಂದ ನಾಳ ಇನ್ನಷ್ಟು ಹಾಳು, ಹಾಳಾದ ನಾಳದಲ್ಲಿ ಇನ್ನಷ್ಟು ಕಫ. ಲೆನೆಕ್ ಎಂಬ ಫ್ರೆಂಚ್ ವೈದ್ಯರು 1819ರಲ್ಲಿಯೇ ಈ ರೋಗವನ್ನು ವರ್ಣಿಸಿದ್ದರು. ಸ್ಟೆತೊಸ್ಕೋಪ್ ಕಂಡುಹಿಡಿದವರೂ ಅವರೇ. ನನ್ನ ಎದೆಯ ಆ ಸಡಿಲ ಜಾಗಗಳಲ್ಲಿ ನೆಲೆಯೂರಿದ್ದು ಮೈಕೋಬ್ಯಾಕ್ಟೀರಿಯಂ ಏವಿಯಂ ಕಾಂಪ್ಲೆಕ್ಸ್. ವೈದ್ಯರ ಬಾಯಲ್ಲಿ ಮ್ಯಾಕ್. ಕ್ಷಯದ ಕ್ರಿಮಿಯ ದಾಯಾದಿ, ಆದರೆ ಕ್ಷಯವಲ್ಲ. ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಕೊಳವೆಯ ಒಳಗೋಡೆಯಲ್ಲಿ, ಸ್ನಾನದ ಶವರಿನಲ್ಲಿ ಇರುತ್ತದೆ. ಎಲ್ಲರೂ ಅದನ್ನು ಉಸಿರಾಡುತ್ತಾರೆ, ಕೆಲವರಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ. ನನ್ನಿಂದ ನಿಮಗೆ ಹರಡುವುದಿಲ್ಲ. ಇದನ್ನು ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ: ಈಗಲೂ ನನ್ನನ್ನು ಕಂಡೊಡನೆ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುವವರಿದ್ದಾರೆ.

ನಾಲ್ಕು ವರ್ಷ ನನಗೂ ಅದೇ ಮಾತ್ರೆ ಬಂತು. ಮೂರು ದಿನ ನುಂಗಿದರೆ ವಾರವೊಪ್ಪತ್ತು ಹಗುರ, ಮತ್ತೆ ಅದೇ ಕೆಮ್ಮು. ಆ ಹಗುರವೇ ನಮ್ಮನ್ನು ಮೋಸಗೊಳಿಸುತ್ತದೆ. ಅಜಿಥ್ರೊಮೈಸಿನ್‌ಗೆ ಕ್ರಿಮಿಯನ್ನು ತಡೆಯುವುದರ ಜೊತೆಗೆ ಉರಿಯೂತವನ್ನು ತಗ್ಗಿಸುವ ಗುಣವೂ ಇದೆ. ಎದೆ ಸ್ವಲ್ಪ ತಣ್ಣಗಾಗುತ್ತದೆ, "ನೋಡಿ, ಕೆಲಸ ಮಾಡಿತು" ಎನ್ನುತ್ತಾರೆ, ಮುಂದಿನ ಸಲ ಅದನ್ನೇ ಬರೆಯುತ್ತಾರೆ. ಆದರೆ ಮ್ಯಾಕ್ ವಿರುದ್ಧ ನಮ್ಮ ಕೈಯಲ್ಲಿರುವ ಅತಿ ಮುಖ್ಯ ಔಷಧವೂ ಇದೇ ಗುಂಪಿನದು. ಅದನ್ನು ಒಂಟಿಯಾಗಿ ಮತ್ತೆ ಮತ್ತೆ ಕೊಟ್ಟರೆ, ಬಗ್ಗದ ಕ್ರಿಮಿಗಳಷ್ಟೇ ಉಳಿದು ಬೆಳೆಯುತ್ತವೆ. ಕ್ರಿಮಿಯ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಆ ಔಷಧ ಅದಕ್ಕೆ ನಾಟುವುದಿಲ್ಲ. ಹಾಗಾದ ಮೇಲೆ ಗುಣವಾಗುವುದು ಬಹಳ ಕಷ್ಟ. ಆ ಏಳು ಚೀಟಿಗಳನ್ನು ನೋಡಿ ನನ್ನ ಕೈ ನಡುಗಿದ್ದು ಇದಕ್ಕೆ. ಆ ತಾಯಿಗೆ ಮ್ಯಾಕ್ ಇದೆಯೆಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಯಾರೂ ನೋಡಿಲ್ಲ ಎನ್ನುತ್ತಿದ್ದೇನೆ.

ಕಫ ಪರೀಕ್ಷೆ ಮಾಡಿಸಿದವರಿಗೂ ಒಂದು ಮಾತು. "ಕಲ್ಚರ್ ಮಾಡಿಸಿದೆವು, ಏನೂ ಬೆಳೆದಿಲ್ಲ" ಎಂದು ನನಗೆ ಬರೆಯುವವರು ಬಹಳ. ಕಲ್ಚರ್ ಎಂದರೆ ಕಫದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ. ಯಾವ ಕಲ್ಚರ್ ಎಂದು ಕೇಳಿ. ಸಾಮಾನ್ಯ ಕಲ್ಚರಿನಲ್ಲಿ ತಟ್ಟೆಯನ್ನು ಎರಡು ಮೂರು ದಿನ ನೋಡಿ ಎಸೆಯುತ್ತಾರೆ. ಸ್ಯೂಡೊಮೊನಾಸ್, ಹಿಮೊಫಿಲಸ್ ಮುಂತಾದ ಕ್ರಿಮಿಗಳು ಅಷ್ಟರಲ್ಲಿ ಬೆಳೆಯುತ್ತವೆ. ಮ್ಯಾಕ್ ಹಾಗಲ್ಲ. ಅದಕ್ಕೆ ವಾರಗಳು ಬೇಕು. ಆರು, ಕೆಲವೊಮ್ಮೆ ಎಂಟು ವಾರ ಕಾಯಬೇಕು. ಎಎಫ್‌ಬಿ ಕಲ್ಚರ್ (ಕ್ಷಯದ ಕ್ರಿಮಿಯನ್ನೂ ಅದರ ದಾಯಾದಿಗಳನ್ನೂ ಹುಡುಕುವ ಕಲ್ಚರ್) ಎಂದು ಬೇರೆಯಾಗಿಯೇ ಬರೆಸಬೇಕು. ಬರೆಸದಿದ್ದರೆ ಪ್ರಯೋಗಾಲಯದವರು ಅದನ್ನು ಹುಡುಕುವುದೇ ಇಲ್ಲ, ಹುಡುಕದೆ ಸಿಗುವುದೂ ಇಲ್ಲ.

ಹುಡುಕಿದರೂ ಎಡವಬಹುದು. ನನ್ನ ಕಫವನ್ನು ಕೊನೆಗೊಮ್ಮೆ ಗಾಜಿನ ಮೇಲೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನೀಲಿಯ ನಡುವೆ ಕೆಂಪು ಕಡ್ಡಿಗಳು ಕಂಡವು. ಕ್ಷಯ ಎಂದರು. ಆ ಬಣ್ಣದಲ್ಲಿ ಕ್ಷಯದ ಕ್ರಿಮಿಯೂ ಮ್ಯಾಕ್ ಕೂಡ ಒಂದೇ ರೀತಿ ಕಾಣುತ್ತವೆ. ಎರಡು ತಿಂಗಳು ಕ್ಷಯದ ಔಷಧ ತಿಂದೆ. ಅದರಲ್ಲಿದ್ದ ಪೈರಾಜಿನಮೈಡ್ ಮ್ಯಾಕ್‌ಗೆ ಏನೂ ಮಾಡುವುದಿಲ್ಲ, ನನ್ನ ಕೀಲುಗಳನ್ನು ಮಾತ್ರ ನೋಯಿಸಿತು. ಹೀಗೆ ಗಾಜಿನ ಮೇಲೆ ಬಳಿದ ಸ್ಮಿಯರಿನಲ್ಲಿ ಕಡ್ಡಿ ಕಂಡು, ಕ್ಷಯದ ಜೀನ್ ಪರೀಕ್ಷೆ ನೆಗೆಟಿವ್ ಬಂದರೆ, ಇದು ಅದರ ದಾಯಾದಿಯಿರಬಹುದೆಂಬ ಸುಳಿವು ಒಂದೇ ದಿನದಲ್ಲಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆ ಜೀನ್ ಪರೀಕ್ಷೆಯನ್ನು ಒಪ್ಪಿದ್ದು 2010ರಲ್ಲಿ. ನನಗೆ ಅದನ್ನು ಮಾಡಿಸಲೇ ಇಲ್ಲ. ಕಲ್ಚರ್ ಬಂದ ಮೇಲೆ ಔಷಧ ನಿಲ್ಲಿಸಿದರು. ಕ್ಷಮಿಸಿ ಎಂಬ ಒಂದು ಮಾತೂ ಇರಲಿಲ್ಲ.

ಈಗ ಕೆಲವರು ಹೇಳುವ ಮಾತಿಗೆ ಬರುತ್ತೇನೆ. ವೈದ್ಯ ಮಿತ್ರರೊಬ್ಬರು ಕಳೆದ ಸಲವೂ ಹೇಳಿದರು: "ಕೆಮ್ಮಿದವರಿಗೆಲ್ಲ ಕಲ್ಚರ್ ಮಾಡಿಸುತ್ತಾ ಎಂಟು ವಾರ ಕಾದರೆ ರೋಗಿಯ ಗತಿ ಏನು?" ಜ್ವರ ಏರಿ, ಉಸಿರು ಕಟ್ಟಿ, ನ್ಯುಮೋನಿಯಾ ಎಂದು ಬಂದವರಿಗೆ ಅದೇ ಗಳಿಗೆಯಲ್ಲಿ ಔಷಧ ಕೊಡಬೇಕು, ಒಪ್ಪುತ್ತೇನೆ. ಅಲ್ಲಿಯೂ ಮೊದಲ ಡೋಸಿಗೆ ಮುನ್ನ ಒಂದು ಡಬ್ಬಿ ಕಫ ತೆಗೆದಿಡಲು ಐದು ನಿಮಿಷ ಸಾಕು. ಆದರೆ ಎರಡು ವರ್ಷದ ಕೆಮ್ಮಿಗೆ ಯಾವ ಅವಸರ? ಎಂಟು ವಾರ ಕಾಯಲು ಆಗುವುದಿಲ್ಲ ಎಂದವರು ನೂರು ವಾರ ಕಾಯಿಸಿದರಲ್ಲ! ಸಾಮಾನ್ಯ ಶೀತದ ಕೆಮ್ಮು ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ, ಅದಕ್ಕೆ ಈ ಮಾತ್ರೆಯೇ ಬೇಡ. ಎಂಟು ವಾರ ಮೀರಿದ್ದು ಬೇರೆ ವಿಷಯ. ಅಂಥ ಕೆಮ್ಮಿಗೆ ಕಣ್ಣು ಮುಚ್ಚಿ ಮೂರು ಮಾತ್ರೆ ಬರೆಯುವುದನ್ನು ನಾನು ಚಿಕಿತ್ಸೆಯೆಂದು ಒಪ್ಪುವುದಿಲ್ಲ.

ವೈದ್ಯರನ್ನಷ್ಟೇ ದೂರಿ ಸುಮ್ಮನಾಗಲಾರೆ. ನಮ್ಮ ನಾಚಿಕೆಯೂ ಇದರಲ್ಲಿದೆ. ಕಫ ಎಂದರೆ ಹೇಸಿಗೆ. ನಾಲ್ವರ ಮುಂದೆ ಹೆಸರೆತ್ತಬಾರದು, ಹೆಂಗಸರಂತೂ ಕೆಮ್ಮಲೂಬಾರದು. ನಾಲ್ಕು ವರ್ಷ ನಾನು ಬಂದ ಕಫವನ್ನೆಲ್ಲ ನುಂಗಿದೆ. ಸಭೆಯಲ್ಲಿ ನುಂಗಿದೆ, ಬಸ್ಸಿನಲ್ಲಿ ನುಂಗಿದೆ, ಮಲಗುವ ಕೋಣೆಯಲ್ಲಿ ಗಂಡನಿಗೆ ಎಚ್ಚರವಾಗಬಾರದೆಂದು ನುಂಗಿದೆ. ವೈದ್ಯರು ಒಮ್ಮೆ "ಕಫ ಬರುತ್ತದೆಯೇ?" ಎಂದು ಕೇಳಿದ್ದರು. "ಇಲ್ಲ" ಎಂದಿದ್ದೆ. ಎದುರಿಗೆ ನನ್ನ ಅತ್ತೆ ಕುಳಿತಿದ್ದರು. ಆ ಒಂದು "ಇಲ್ಲ" ನನಗೆ ಎಷ್ಟು ತಿಂಗಳ ನಷ್ಟ ಮಾಡಿತೋ, ಈಗಲೂ ರಾತ್ರಿ ಎಚ್ಚರವಾದಾಗ ನೆನಪಾಗುತ್ತದೆ.

ಇನ್ನೊಂದನ್ನು ಇಲ್ಲಿಯವರೆಗೆ ಬರೆದಿರಲಿಲ್ಲ. ಚಿಕಿತ್ಸೆ ಶುರುವಾಗಿ ಈಗ ಹದಿನೇಳು ತಿಂಗಳು. ವಾರಕ್ಕೆ 3 ದಿನ ಮೂರು ಔಷಧಗಳು: ಅಜಿಥ್ರೊಮೈಸಿನ್, ರಿಫಾಂಪಿಸಿನ್, ಎಥಾಂಬುಟಾಲ್. ಮೂರೂ ಒಟ್ಟಿಗೆ ಇರಬೇಕು. ಒಂದರಿಂದ ತಪ್ಪಿಸಿಕೊಂಡ ಕ್ರಿಮಿಯನ್ನು ಇನ್ನೊಂದು ಹಿಡಿಯುತ್ತದೆ. ರಿಫಾಂಪಿಸಿನ್ ಮೂತ್ರವನ್ನೂ ಕಣ್ಣೀರನ್ನೂ ಕಿತ್ತಳೆ ಬಣ್ಣ ಮಾಡುತ್ತದೆ, ಅದು ಹೆದರಬೇಕಾದ್ದಲ್ಲ. ಎಥಾಂಬುಟಾಲ್ ಕಣ್ಣಿನ ನರಕ್ಕೆ ತಾಗಬಹುದು, ಕೆಂಪು ಹಸಿರಿನ ವ್ಯತ್ಯಾಸ ಮಸುಕಾಗಬಹುದು, ಅದಕ್ಕೆ ಆಗಾಗ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಪರೀಕ್ಷೆ ಮಾಡುತ್ತಾರೆ. ಐದನೆಯ ತಿಂಗಳಲ್ಲಿ ಒಂದು ಸಂಜೆ ನನ್ನ ಕೆಂಪು ಸೀರೆ ಮಂಕಾಗಿ ಕಂಡಿತು. ದೃಷ್ಟಿ ಹೋಯಿತೆಂದೇ ತಿಳಿದೆ. ವೈದ್ಯರಿಗೆ ಹೇಳಲಿಲ್ಲ. ಎಥಾಂಬುಟಾಲ್ ಬಿಟ್ಟೆ. ಹೊಟ್ಟೆ ತೊಳಸುತ್ತಿದೆಯೆಂದು ರಿಫಾಂಪಿಸಿನ್ ಕೂಡ ಬಿಟ್ಟೆ. ಮೂರು ವಾರ ಬರೀ ಅಜಿಥ್ರೊಮೈಸಿನ್ ನುಂಗಿದೆ.

ಹೌದು, ಯಾವುದಕ್ಕಾಗಿ ಇಷ್ಟು ಸಿಟ್ಟಾಗಿದ್ದೇನೋ ಅದನ್ನೇ ನಾನೂ ಮಾಡಿದೆ. ಎಲ್ಲ ತಿಳಿದೂ ಮಾಡಿದೆ, ಹೆದರಿಕೆಯಿಂದ ಮಾಡಿದೆ. ಕೊನೆಗೆ ಅಳುತ್ತಾ ವೈದ್ಯರಿಗೆ ಹೇಳಿದಾಗ ಅವರು ಬೈಯಲಿಲ್ಲ. ಅದೇ ದಿನ ಕಣ್ಣು ಪರೀಕ್ಷೆ ಮಾಡಿಸಿದರು, ಕಣ್ಣಿಗೆ ಏನೂ ಆಗಿರಲಿಲ್ಲ. ಮತ್ತೆ ಡಬ್ಬಿ ಕೊಟ್ಟರು. ಕ್ರಿಮಿ ಇನ್ನೂ ಔಷಧಕ್ಕೆ ಬಗ್ಗುತ್ತದೆಯೇ ಎಂದು ತಿಳಿಯುವವರೆಗೆ ಕಳೆದ ವಾರಗಳನ್ನು ಶತ್ರುವಿಗೂ ಬಯಸುವುದಿಲ್ಲ. ಬಗ್ಗುತ್ತದೆ ಎಂದು ವರದಿ ಬಂತು. ಎಂಟನೆಯ ತಿಂಗಳಿನಿಂದ ಕಫದಲ್ಲಿ ಕ್ರಿಮಿ ಬೆಳೆದಿಲ್ಲ. ಈಗ ಒಂಬತ್ತು ತಿಂಗಳಾಯಿತು, ಇನ್ನು ಮೂರು ತಿಂಗಳು. ಈ ರೋಗದಲ್ಲಿ ಗಡುವನ್ನು ಔಷಧ ಶುರುವಾದ ದಿನದಿಂದ ಎಣಿಸುವುದಿಲ್ಲ. ಕಫ ಶುದ್ಧವಾದ ದಿನದಿಂದ ಹನ್ನೆರಡು ತಿಂಗಳು ಎಣಿಸುತ್ತಾರೆ. ಅಲ್ಲಿಯೂ ಕೊನೆಯ ಮಾತು ಆ ಡಬ್ಬಿಯದೇ.

ಅದಕ್ಕೇ ಪ್ರತಿ ಬೆಳಿಗ್ಗೆ ಅರ್ಧ ಗಂಟೆ ನನ್ನ ಎದೆಗೆ ಮೀಸಲು. ಉಪ್ಪುನೀರಿನ ನೆಬ್ಯುಲೈಸರ್, ಆಮೇಲೆ ದೀರ್ಘ ಉಸಿರು, ಆಮೇಲೆ ಕನ್ನಡಿಗೆ ಆವಿ ಹಿಡಿಸುವಂತೆ ಬಾಯಿ ತೆರೆದು "ಹಾ" ಎಂದು ರಭಸದಿಂದ ಬಿಡುವ ಉಸಿರು. ಗಂಟಲು ಕಿತ್ತುಬರುವಂತೆ ಕೆಮ್ಮುವುದಕ್ಕಿಂತ ಇದರಿಂದ ಹೆಚ್ಚು ಕಫ ಬರುತ್ತದೆ, ದಣಿವು ಕಡಿಮೆ. ಮಾತ್ರೆಯಷ್ಟೇ ಮುಖ್ಯವಾದ ಈ ಕೆಲಸವನ್ನು ನಾಲ್ಕು ವರ್ಷದಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ, ಇಪ್ಪತ್ತು ನಿಮಿಷದಲ್ಲಿ. ನೆಬ್ಯುಲೈಸರಿನ ಬಟ್ಟಲನ್ನು ಕುದಿಸಿ ಒಣಗಿಸುತ್ತೇನೆ. ನಲ್ಲಿ ನೀರಿನಲ್ಲಿ ತೊಳೆದು ಹಾಗೆಯೇ ಇಟ್ಟರೆ, ಯಾವುದನ್ನು ಓಡಿಸಲು ಹೆಣಗುತ್ತಿದ್ದೇನೋ ಅದನ್ನೇ ಮನೆಗೆ ಕರೆದಂತಾಗುತ್ತದೆ.

ಮೊನ್ನೆಯ ತಾಯಿಯ ವಿಷಯಕ್ಕೆ ಬರುತ್ತೇನೆ. ಮಗಳಿಗೆ ಒಂದು ಚೀಟಿಯಲ್ಲಿ ಎರಡು ಪ್ರಶ್ನೆ ಬರೆದುಕೊಟ್ಟೆ: ಕಫದ ಎಎಫ್‌ಬಿ ಸ್ಮಿಯರ್ ಮತ್ತು ಕಲ್ಚರ್ ಮಾಡಿಸಬಹುದೇ? ಎದೆಯ ಸಿಟಿ ಸ್ಕ್ಯಾನ್ ಬೇಕೇ? ಹಿಗ್ಗಿದ ಶ್ವಾಸನಾಳ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ವೈದ್ಯರು ಚೀಟಿಯನ್ನು ಓದಿ, ಫೈಲನ್ನು ಮೊದಲಿನಿಂದ ನೋಡಿ, ಎರಡನ್ನೂ ಬರೆದುಕೊಟ್ಟರಂತೆ. ಮುನಿಸಿಕೊಳ್ಳಲಿಲ್ಲವಂತೆ. ಕೇಳುವವರಿದ್ದರೆ ಮಾಡುವವರೂ ಇದ್ದಾರೆ, ಆದರೆ ರೋಗಿಯೇ ಯಾಕೆ ಕೇಳಬೇಕು?

ಡಬ್ಬಿ ಹಿಡಿದು ಹೊರಬಂದ ತಾಯಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ನಾನು ಪಕ್ಕ ಕೂರಿಸಿಕೊಂಡು ಹೇಳಿದೆ: ಬೆಳಿಗ್ಗೆ ಎದ್ದೊಡನೆ, ಏನೂ ತಿನ್ನುವ ಮೊದಲು. ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ನೀರು, ನಲ್ಲಿಯ ನೀರು ಬೇಡ, ಅದರಲ್ಲಿರುವ ಕ್ರಿಮಿ ಪರೀಕ್ಷೆಯನ್ನೇ ತಪ್ಪಿಸಬಹುದು. ಎಂಜಲು ಬೇಡ, ಎದೆಯಾಳದ್ದು ಬೇಕು. ಮೂರು ನಾಲ್ಕು ದೀರ್ಘ ಉಸಿರು ತೆಗೆದುಕೊಂಡು "ಹಾ" ಎನ್ನಿ. ಬರದಿದ್ದರೆ ಹೆದರಬೇಡಿ, ಆಸ್ಪತ್ರೆಯಲ್ಲಿ ಉಪ್ಪುನೀರಿನ ಆವಿ ಕೊಟ್ಟು ತೆಗೆಸುತ್ತಾರೆ. ಅವರು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ತಗ್ಗಿದ ದನಿಯಲ್ಲಿ, "ಸೊಸೆಯ ಮುಂದೆ ಹೇಗಮ್ಮ ಉಗುಳುವುದು?" ಎಂದರು.

ನನಗೆ ನನ್ನ ಅತ್ತೆಯ ಎದುರು ಹೇಳಿದ ಆ "ಇಲ್ಲ" ನೆನಪಾಯಿತು. "ಬಚ್ಚಲಿನ ಬಾಗಿಲು ಹಾಕಿಕೊಳ್ಳಿ ಅಮ್ಮ, ಆದರೆ ಉಗುಳಿ" ಎಂದೆ.

ಇವತ್ತು ಬೆಳಿಗ್ಗೆ ಆರೂವರೆಗೆ ಮಗಳ ಸಂದೇಶ ಬಂತು. "ಬಂತು ಮೇಡಂ, 5 ಮಿಲಿ ಗೆರೆಯವರೆಗೆ ತುಂಬಿದೆ. ಹಳದಿ ಬಣ್ಣ. ಕೊಡಲು ಹೊರಟಿದ್ದೇವೆ. ಅಮ್ಮ ಡಬ್ಬಿಯನ್ನು ತಾವೇ ಹಿಡಿದುಕೊಂಡಿದ್ದಾರೆ."