ಚಿಲ್ಲರೆ ಇಲ್ಲ, ಮುಂದೆ ಹೋಗಪ್ಪ

ಬೆಂಗಳೂರಿನಲ್ಲಿ ಸ್ವಂತ ಸೂರಿರುವ ಭಾಗ್ಯವಂತರು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಸೇರುವ ಸೆಸ್‌ನ ಲೆಕ್ಕವನ್ನೊಮ್ಮೆ ಬಿಡಿಸಿ ನೋಡಿ. ಗ್ರಂಥಾಲಯ, ಆರೋಗ್ಯ ಎಂಬ ಮರ್ಯಾದಸ್ಥರ ಪಕ್ಕದಲ್ಲೇ ಭಿಕ್ಷುಕರೂ ಕೂತಿದ್ದಾರೆ: ತೆರಿಗೆಯ ಶೇ. 3. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿ ನಾವು ಉಳಿಸಿದ ಹತ್ತು ರೂಪಾಯಿಯನ್ನು ಸರ್ಕಾರ ಹೀಗೆ ವರ್ಷಕ್ಕೊಮ್ಮೆ ವಸೂಲಿ ಮಾಡಿಕೊಳ್ಳುತ್ತದೆ. ಪುಣ್ಯ ಎಷ್ಟು ಜಮೆಯಾಯಿತು ಎಂಬ ಕಾಲಂ ಮಾತ್ರ ರಸೀದಿಯಲ್ಲಿಲ್ಲ.

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಹೇಳುವುದಿಷ್ಟೇ. ಸ್ಥಳೀಯ ಸಂಸ್ಥೆ ಈ ದುಡ್ಡು ಎತ್ತಬೇಕು, ಎತ್ತಿದ ಕೂಲಿ ಮುರಿದುಕೊಂಡು ಉಳಿದದ್ದನ್ನು ಕೇಂದ್ರ ಪರಿಹಾರ ಸಮಿತಿ ಎಂಬ ರಾಜ್ಯದ ಸಮಿತಿಗೆ ಕೊಡಬೇಕು. ಸಮಿತಿ ಅದರಲ್ಲಿ ಮಾಗಡಿ ರಸ್ತೆಯ ಸುಮನಹಳ್ಳಿಯಂಥ ನಿರಾಶ್ರಿತರ ಪರಿಹಾರ ಕೇಂದ್ರಗಳ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳಬೇಕು. ಆಗಿನ ನಗರ ಪಾಲಿಕೆ ಬಿಬಿಎಂಪಿ ಮೊದಲ ಸಾಲನ್ನು ಬಾಯಿಪಾಠ ಮಾಡಿತು. ಕೊಡುವ ಸಾಲಿಗೆ ಬರುವಷ್ಟರಲ್ಲಿ ನಿದ್ದೆ ಹತ್ತಿತು. ಬಾಕಿ ನೂರಾರು ಕೋಟಿಗೆ ಬೆಳೆಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಕಾಸಿನ ಜೊತೆ ತಟ್ಟೆಯನ್ನೂ ಒಳಗಿಟ್ಟ.

2010ರ ಆಗಸ್ಟಿನಲ್ಲಿ ಸುಮನಹಳ್ಳಿಯ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತರು. ಸಮಾಜ ಕಲ್ಯಾಣ ಸಚಿವರು ಖಾತೆ ಬಿಟ್ಟರು. ಸೆಸ್ ಬಾಕಿ ಕುರ್ಚಿ ಬಿಡಲಿಲ್ಲ.

ಭಿಕ್ಷೆ ಎಂದರೇನು ಎಂಬುದನ್ನೂ ಇದೇ ಕಾಯ್ದೆ ಬಹಳ ಮುತುವರ್ಜಿಯಿಂದ ವಿವರಿಸಿದೆ. ಹಾಡಿ ಕುಣಿದು ಕೇಳಿದರೂ ಭಿಕ್ಷೆ, ಗಾಯ ತೋರಿಸಿ ಕೇಳಿದರೂ ಭಿಕ್ಷೆ. ಸಿಕ್ಕಿಬಿದ್ದವರಿಗೆ ವ್ಯಾನು. ಹಾಗಾದರೆ ಸಮಿತಿಯವರು ಮಾಡುತ್ತಿರುವುದೇನು ಸ್ವಾಮಿ? ಪತ್ರದ ಮೇಲೆ ಪತ್ರ ಹಿಡಿದು ಪಾಲಿಕೆಯ ಬಾಗಿಲಲ್ಲಿ ನಿಲ್ಲುವುದು, ಖಾಲಿ ಖಜಾನೆಯ ಗಾಯ ತೋರಿಸುವುದು. ಇಲಾಖೆಯ ವ್ಯಾನಿನ ಡ್ರೈವರು ಆ ಹೊತ್ತಿಗೆ ಅಲ್ಲಿಗೆ ಬಂದು, ಕಾಯ್ದೆ ಓದಿದವನೂ ಆಗಿದ್ದು, ಸಾಹೇಬರನ್ನೇ ಹತ್ತಿಸಿಕೊಂಡರೆ ತಪ್ಪು ಅವನದಲ್ಲ.

ಒಳಗಿನಿಂದ ಬರುವ ಉತ್ತರವೂ ನಮ್ಮ ನಿಮ್ಮ ಜಗಲಿಯದೇ: "ಚಿಲ್ಲರೆ ಇಲ್ಲ, ಮುಂದೆ ಹೋಗಪ್ಪ." ಇಷ್ಟು ದಿನ ಮುಂದೆ ಹೋಗಲು ಇನ್ನೊಂದು ಮನೆ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಕೊರತೆಯೂ ನೀಗಿತು. ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಹಳೇ ಬಾಕಿ ಯಾರ ಪಾಲಿಗೆ ಎಂದು ಕೇಳಿದರೆ ದಕ್ಷಿಣದವರು ಪಶ್ಚಿಮಕ್ಕೆ, ಪಶ್ಚಿಮದವರು ಉತ್ತರಕ್ಕೆ ಕೈ ತೋರಿಸಬಹುದು. ಒಟ್ಟು ಐದು ಮನೆ. ಜೋಳಿಗೆ ಹೊಲಿಸಲು ಟೆಂಡರ್ ಕರೆದರಾಯಿತು.