ಕೆಲಸವಿಲ್ಲದ ತುಳಸಿ

ಜುಲೈ ಹೊತ್ತಿಗೆ ನಮ್ಮ ಹಿತ್ತಲಿನ ಆಫ್ರಿಕನ್ ಬ್ಲೂ ಬೇಸಿಲ್ (ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿ) ಸೊಂಟದೆತ್ತರ ಬೆಳೆದು ಮೈತುಂಬಾ ತೆನೆ ಬಿಟ್ಟಿತ್ತು. ಶಿವಮೊಗ್ಗದ ಚಿಕ್ಕಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ತುಳಸಿ ಜಾತಿ ಇದ್ದ ಹಾಗಿದೆ ಕಣೋ. ಯಾವುದಕ್ಕೆ ಒಳ್ಳೇದು?" ಅಂದರು. ಯಾವುದಕ್ಕೂ ಅಲ್ಲ ಚಿಕ್ಕಮ್ಮ, ನೋಡೋಕೆ ಚೆನ್ನಾಗಿದೆ, ಜೇನು ಬರುತ್ತವೆ ಅಂದೆ. "ಅದಕ್ಕೆ ಅಷ್ಟು ಜಾಗ ಬಿಟ್ಟಿದ್ದೀಯಾ? ಒಂದು ಮಡಿ ಮೆಂತ್ಯ ಬರ್ತಿತ್ತಲ್ಲೋ." ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಗಿಡದ ಫೋಟೋ ಓಡಾಡಿ, ಕೆಮ್ಮಿಗೆ, ಕಫಕ್ಕೆ, ಸಕ್ಕರೆ ಕಾಯಿಲೆಗೆ ಅಂತ ಅದಕ್ಕೆ ಮೂರು ಉದ್ಯೋಗ ಸಿಕ್ಕಿತ್ತು. ಕಷಾಯದ ಅಳತೆಯೂ ಬಂತು. ಗಿಡವನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ.

ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಈ ಗಿಡ ಹುಟ್ಟಿದ್ದು ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಏಥೆನ್ಸ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿ ನರ್ಸರಿ ಇಟ್ಟಿದ್ದ ಪೀಟರ್ ಬೋರ್ಚರ್ಡ್ 1983ರಲ್ಲಿ ಇದನ್ನು ಗುರುತಿಸಿದರು. ಡಾರ್ಕ್ ಓಪಲ್ ಎಂಬ ಕಡುನೇರಳೆ ಕಾಮಕಸ್ತೂರಿಗೂ ಪೂರ್ವ ಆಫ್ರಿಕಾದ ಕರ್ಪೂರ ತುಳಸಿಗೂ ತಾನಾಗಿಯೇ ಬೆರಕೆಯಾಗಿ ಬಂದ ಕೂಸು. ಡಾರ್ಕ್ ಓಪಲ್ ಕೂಡ ಸಾಮಾನ್ಯದ್ದಲ್ಲ, ತೋಟದ ಹೊಸ ತಳಿಗಳಿಗೆ ಅಮೆರಿಕದಲ್ಲಿ ಕೊಡುವ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿಯನ್ನು 1962ರಲ್ಲಿ ಗೆದ್ದ ತಳಿ. ಚಿಗುರೆಲೆ ನೇರಳೆ, ಬಲಿತಂತೆ ಹಸಿರಾಗಿ, ನರಗಳಲ್ಲಿ ಮಾತ್ರ ಬಣ್ಣ ಉಳಿಯುತ್ತದೆ.

ನನಗೆ ಇದನ್ನು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಮೇಡಂ. ಒಂದು ಬೆಳಿಗ್ಗೆ ಬೇಲಿಯಾಚೆಯಿಂದ, ನೀರು ತುಂಬಿದ ಜಾಮ್ ಬಾಟಲಿಯಲ್ಲಿ ಬೇರು ಬಿಟ್ಟ ನಾಲ್ಕು ಕಡ್ಡಿ ನೀಡಿದರು. ಇದು ಬೀಜ ಕಟ್ಟುವುದಿಲ್ಲ, ಬಂಜೆ. ಹಾಗಾಗಿ ಕಡ್ಡಿಯಿಂದಲೇ ಮುಂದುವರಿಯಬೇಕು. ಗೇಣಿಗಿಂತ ಕಡಿಮೆ ಉದ್ದದ ಎಳೆ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಬುಡದ ಎಲೆ ಕಿತ್ತು ನೀರಲ್ಲಿಟ್ಟರೆ ಸಾಕು, ಒಂದೆರಡು ವಾರದಲ್ಲಿ ಬಿಳಿ ಬೇರು ಇಳಿಯುತ್ತದೆ. ಬೀಜದ ಚಿಂತೆ ಇಲ್ಲದ್ದರಿಂದ ಹೂವು ನಿಲ್ಲುವುದೂ ಇಲ್ಲ. ಬೇರೆ ಬೇಸಿಲ್‌ಗಳ ತೆನೆ ಚಿವುಟದಿದ್ದರೆ ಎಲೆ ಕಹಿಯಾಗಿ ಗಿಡ ಮುಗಿಯಿತು. ಇದರಲ್ಲಿ ಆ ರಗಳೆಯಿಲ್ಲ, ಹಿಮ ಬೀಳುವ ತನಕ ಹೂವೇ ಹೂವು. ಸೆಪ್ಟೆಂಬರ್‌ನ ತಣ್ಣನೆ ಬೆಳಗಿನಲ್ಲಿ ಹೋಗಿ ನೋಡಿದರೆ ತೆನೆಗಳಿಗೆ ದಪ್ಪ ದುಂಬಿಗಳು ಅಲ್ಲಾಡದೆ ಕಚ್ಚಿಕೊಂಡಿರುತ್ತವೆ. ಸತ್ತಿವೆಯೇನೋ ಅನಿಸುತ್ತದೆ. ಬಿಸಿಲು ಬಿದ್ದ ಮೇಲೆ ಒಂದೊಂದೇ ಮೈ ಅದುರಿಸಿ ಏಳುತ್ತವೆ.

ಮೇಡಂ ವಾರಕ್ಕೊಮ್ಮೆ ಒಂದು ಹಿಡಿ ತೆನೆ ಕತ್ತರಿಸಿ ಅಡಿಗೆಮನೆಯ ಕಿಟಕಿಯಲ್ಲಿ ಲೋಟಕ್ಕೆ ಹಾಕಿಡುತ್ತಾರೆ. ಅಷ್ಟೇ. ಅದಕ್ಕೊಂದು ಕಾರಣ ಹೇಳಬೇಕು ಅಂತ ಅವರಿಗೆ ಹೊಳೆದೇ ಇಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲೇ. ನಮ್ಮಲ್ಲಿ ಗಿಡ ಅಂದಮೇಲೆ ದುಡಿಯಲೇಬೇಕು. ಪೂಜೆಗೆ ಆಗಬೇಕು, ಇಲ್ಲ ಸಾರಿಗೆ ಆಗಬೇಕು, ಅದೂ ಇಲ್ಲದಿದ್ದರೆ ಗಂಟಲು ನೋವಿಗಾದರೂ ಆಗಬೇಕು. ಕೊನೆಗೆ ಮನಿ ಪ್ಲಾಂಟನ್ನೂ ಬಿಡಲಿಲ್ಲ, ದುಡ್ಡು ತರುವ ಕೆಲಸಕ್ಕೆ ಹಚ್ಚಿದೆವು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮುಗಿಬೀಳುತ್ತೇವೆ, ನಿಜ. ಸೆಲ್ಫಿ ತೆಗೆದುಕೊಂಡು ಮನೆಗೆ ಬಂದು ಅಂಗಳಕ್ಕೆ ಸಿಮೆಂಟು ಹಾಕಿಸುತ್ತೇವೆ. ಹೋದ ಸಲ ಊರಿಗೆ ಹೋದಾಗ ಒಂದು ನರ್ಸರಿಯಲ್ಲಿ ನೇರಳೆ ಕಾಮಕಸ್ತೂರಿ ಇದೆಯಾ ಅಂತ ಕೇಳಿದೆ. "ಅದನ್ನ ಯಾರ್ ತಗೋತಾರೆ ಸಾರ್, ತುಳಸಿ ಕೊಡ್ಲಾ?" ಅಂದ ಹುಡುಗ.

ಹಾಗಂತ ನಾನು ಎಲೆ ಮುಟ್ಟುವುದೇ ಇಲ್ಲ ಅಂತಲ್ಲ. ಇಟಲಿಯವರ ಬೇಸಿಲ್ ಚಟ್ನಿ ಪೆಸ್ಟೋಗೆ ಈ ತಳಿ ಅಷ್ಟಕ್ಕಷ್ಟೇ, ಕರ್ಪೂರದ ಘಾಟು ಮುಂದಾಗುತ್ತದೆ. ಆದರೆ ಒಂದೇ ಒಂದು ಎಲೆ ಜಜ್ಜಿ ನೀರುಮಜ್ಜಿಗೆಗೆ ಹಾಕಿ ನೋಡಿ, ಪಚ್ಚಕರ್ಪೂರ ಹಾಕಿದ ದೇವಸ್ಥಾನದ ತೀರ್ಥದ ಹಾಗಿರುತ್ತದೆ. ಎರಡು ಎಲೆ ಹಾಕಿದರೆ ಕೆಟ್ಟಿತು.

ಇನ್ನೊಂದು ಮಾತು ಹೇಳದೆ ವಿಧಿಯಿಲ್ಲ. ಅಕ್ಟೋಬರ್‌ನಲ್ಲಿ ಮೊದಲ ಹಿಮ ಬಿದ್ದು ಗಿಡ ಕಪ್ಪಾದ ದಿನ ಮೇಡಂ ಅದನ್ನು ಬುಡಸಮೇತ ಕಿತ್ತು, ಮಾತಾಡುತ್ತಲೇ ಗೊಬ್ಬರದ ಗುಡ್ಡೆಗೆ ಎಸೆದರು. ನನ್ನ ಕೈಯಿಂದ ಅದಾಗಲಿಲ್ಲ. ನಮ್ಮ ಮನೆಯ ತುಳಸಿ ಕುಂಡವನ್ನು ಸೆಪ್ಟೆಂಬರ್‌ನಲ್ಲೇ, ರಾತ್ರಿ ಚಳಿ ಹತ್ತು ಡಿಗ್ರಿಗೆ ಇಳಿಯುವ ಮೊದಲೇ, ಒಳಗೆ ತಂದು ದಕ್ಷಿಣದ ಕಿಟಕಿಯಲ್ಲಿ ಇಟ್ಟಾಗಿತ್ತು. ಎಲೆ ಉದುರಿಸಿಕೊಂಡು ಕಡ್ಡಿಯಾದರೂ ನೀರು ಹಾಕುತ್ತಿರುತ್ತೇವೆ. ಉತ್ಥಾನ ದ್ವಾದಶಿಗೆ ನೆಲ್ಲಿ ಟೊಂಗೆ ಸಿಗದಿದ್ದರೆ ಫ್ರೋಜನ್ ನೆಲ್ಲಿಕಾಯಿ ಇಟ್ಟಾದರೂ ದೀಪ ಹಚ್ಚುತ್ತೇವೆ. ಕೆಲಸ ಕೊಟ್ಟ ಗಿಡವನ್ನು ಸಾಕುವ ರೀತಿಯೇ ಬೇರೆ. ಅದು ನಮ್ಮವರಿಂದ ಬಂದದ್ದು.

ಮತ್ತೆ, ಅಂದಕ್ಕಾಗಿ ನಾವು ಏನನ್ನೂ ಬೆಳೆಯಲೇ ಇಲ್ಲ ಅಂದರೆ ಮೈಸೂರು ದೇವರಾಜ ಮಾರುಕಟ್ಟೆಯ ಹೂವಿನವರು ನಕ್ಕಾರು. ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ ಅಂತ ನಡುನಡುವೆ ಮರುಗವನ್ನೋ ಕಾಮಕಸ್ತೂರಿ ಕುಡಿಯನ್ನೋ ಸೇರಿಸಿ ಕಟ್ಟಿದವರು ನಮ್ಮ ಹೆಂಗಸರೇ. ಲೋಟದ ಬದಲು ಜಡೆಯಲ್ಲಿ ಇಟ್ಟರು. ಚಿಕ್ಕಮ್ಮನ ಹಳೇ ಮನೆಯ ಬಚ್ಚಲ ಹಿಂದೆ ಕಾಮಕಸ್ತೂರಿ ಪೊದೆಯಾಗಿ ಬೆಳೆದಿದ್ದು ನನಗೇ ನೆನಪಿದೆ. ಈಗ ಅಲ್ಲಿ ಕಾರ್ ಶೆಡ್ಡು.

ಶೆಡ್ಡಿನ ಮೇಲೆ ತಾರಸಿ ಇದೆಯಲ್ಲ, ಒಂದು ಕುಂಡಕ್ಕೆ ಜಾಗ ಸಾಕು. ಆಫ್ರಿಕನ್ ಬ್ಲೂ ಸಿಗದಿದ್ದರೆ ಬೇಡ. ಶರಬತ್ತಿಗೆ ಅಂತ ದಿನಸಿ ಅಂಗಡಿಯಲ್ಲಿ ಮಾರುವ ಕಾಮಕಸ್ತೂರಿ ಬೀಜ, ಹಳೆಯದಲ್ಲದಿದ್ದರೆ, ಸಾಮಾನ್ಯವಾಗಿ ಮೊಳೆಯುತ್ತದೆ. ಒಂದು ಚಿಟಿಕೆ ಉದುರಿಸಿ ಮೇಲೆ ತೆಳ್ಳಗೆ ಮಣ್ಣು ಹಾಕಬೇಕು. ನೀರು ತಾಗಿದ ಕೂಡಲೇ ಲೋಳೆ ಕಟ್ಟಿದರೆ ಗಾಬರಿ ಬೇಡ, ಅದರ ಗುಣವೇ ಅದು. ನಾಲ್ಕೆಲೆ ಬಂದಮೇಲೆ ಒತ್ತಾಗಿ ಬೆಳೆದದ್ದನ್ನು ಕಿತ್ತು ಎರಡು ಸಸಿ ಉಳಿಸಿಕೊಳ್ಳಿ.