ಅಪ್ಪಯ್ಯನ ಕಾಲು ಇನ್ನೂ ಪೆಂಡಿಂಗ್

ಅಪ್ಪಯ್ಯನಿಗೆ ಎಡಗಾಲು ಪೋಲಿಯೋ. ಬಂದಿದ್ದು 3ನೇ ವರ್ಷಕ್ಕೆ, ಈಗ 62. ಇಷ್ಟು ವರ್ಷ ಹಾಗೇ ಇದ್ದ ಕಾಲು ನಿಜವೋ ಸುಳ್ಳೋ ಅಂತ ಹೇಳಲಿಕ್ಕೆ ಮೂರು ಸಲ ತೀರ್ಥಹಳ್ಳಿಯಿಂದ ಆಸ್ಪತ್ರೆಗೆ ಅಲೆಸಿದ್ದಾರೆ ಮಾರಾಯ್ರೆ.

ಶುರುವಾಗಿದ್ದು ಪಾರ್ಕಿಂಗ್‌ನಿಂದ. ಶಿವಮೊಗ್ಗದಲ್ಲಿ ಒಂದು ಕಡೆ ವೀಲ್‌ಚೇರ್ ಚಿತ್ರ ಬರೆದ ಜಾಗದಲ್ಲಿ ಕಾರು ನಿಲ್ಲಿಸಿದೆ. ಸೆಕ್ಯುರಿಟಿಯವ ಓಡಿ ಬಂದು "ಕಾರ್ಡ್ ತೋರ್ಸಿ ಸಾರ್" ಅಂದ. ಅಪ್ಪಯ್ಯ ಬಾಗಿಲು ತೆಗೆದು ಕಾಲು ತೋರಿಸಿದರು. "ಅದಲ್ಲ ಸಾರ್, ಕಾರ್ಡ್." ಲ್ಯಾಮಿನೇಷನ್ ಮಾಡಿಸಿಟ್ಟ ಹಳೇ ಸರ್ಟಿಫಿಕೇಟ್ ನಡೆಯಲ್ಲವಂತೆ, ಯುಡಿಐಡಿ, ಅಂದ್ರೆ ಕೇಂದ್ರ ಸರ್ಕಾರದ ಅಂಗವಿಕಲರ ಗುರುತಿನ ಕಾರ್ಡೇ ಬೇಕಂತೆ. ಪಕ್ಕದ ಅಂಥದ್ದೇ ಜಾಗದಲ್ಲಿ ಒಂದು ಫಾರ್ಚುನರ್ ನಿಂತಿತ್ತು. ಅದರ ಯಾವ ಚಕ್ರಕ್ಕೆ ಪೋಲಿಯೋ ಬಂದಿತ್ತೋ, ಅವನು ಕೇಳಲಿಲ್ಲ.

ಸರಿ, ಕಾರ್ಡೇ ಮಾಡಿಸುವ ಅಂತ ಹೊರಟೆವು. 2021ರ ಜೂನ್‌ನಿಂದ ಸರ್ಟಿಫಿಕೇಟೆಲ್ಲ ಆನ್‌ಲೈನಲ್ಲೇ. ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯು ಪಾಪ ಒಳ್ಳೆಯವರು, ಅರ್ಜಿ ಅವರೇ ತುಂಬಿಕೊಟ್ಟರು. ಮೊದಲ ಸಲ ಹೋದರೆ ಮೂಳೆ ಡಾಕ್ಟರು ರಜೆ. ಎರಡನೇ ಸಲ ನೋಡಿದರು, ಆದರೆ ಸರ್ವರ್ ಇಲ್ಲ. ನಿನ್ನೆ ಬೇರೆ ಡಾಕ್ಟರು, ಮತ್ತೆ ಮೊದಲಿಂದ.

ಆಸ್ಪತ್ರೆ ಹೆಸರು ಬೇಡ. ಅಂಗವಿಕಲರ ಪಾರ್ಕಿಂಗ್ 3.6 ಮೀಟರ್ ಅಗಲ ಇರಬೇಕು, ಬಾಗಿಲಿಂದ 30 ಮೀಟರ್ ಒಳಗಿರಬೇಕು ಅಂತ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅಲ್ಲೂ ಚಿತ್ರ ಬರೆದಿದ್ದಾರೆ, ಚಿತ್ರದ ಮೇಲೆ ಜನರೇಟರ್ ಕೂರಿಸಿದ್ದಾರೆ, ಜನರೇಟರ್ ಮೇಲೆ ನೆಲ ಒರೆಸೋ ಬಟ್ಟೆ. ಕಾರು ರಸ್ತೆಯಲ್ಲೇ ಬಿಟ್ಟು, ಜಿಟಿಜಿಟಿ ಮಳೆಯಲ್ಲಿ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಅಪ್ಪಯ್ಯನ್ನ ಹಿಡಿದುಕೊಂಡು ಹೋದೆ. ನಡೆಯಲಿಕ್ಕೆ ಆಗಲ್ಲ ಅಂತ ತೋರಿಸಲಿಕ್ಕೆ ಇಷ್ಟು ನಡೆಯಬೇಕು.

ಸಾಲಿನಲ್ಲಿ ಕೂತವರೆಲ್ಲ ಎಸ್ಸೆಸ್ಸೆಲ್ಸಿ ರಿಸಲ್ಟ್ ಥರ "ನಿಮ್ಮದೆಷ್ಟು ಪರ್ಸೆಂಟು?" ಅಂತ ಕೇಳ್ಕೊಳ್ತಿದ್ದರು. ಅಂಗವೈಕಲ್ಯ 40 ಪರ್ಸೆಂಟ್ ಆದರೂ ಇಲ್ಲದಿದ್ದರೆ ಮುಕ್ಕಾಲು ಸೌಲಭ್ಯ ಇಲ್ಲ.

ಕಾಲಿಗೆ ಆಸರೆಗೆ ಕಟ್ಟಿದ ಕ್ಯಾಲಿಪರ್ ಬಿಚ್ಚಿ ಅಂದರು. ಮಳೆಗೆ ನೆನೆದ ಚರ್ಮದ ಪಟ್ಟಿ, ಬಕಲ್ ಬರಲೊಲ್ಲದು. ನಾನು ಕೈ ಹಾಕಿದರೆ ಅಪ್ಪಯ್ಯ ಬಿಡುವುದಿಲ್ಲ. ಡಾಕ್ಟರು ಗಡಿಯಾರ ನೋಡಿದರು. ಟೇಪ್ ಹಿಡಿದು ಅಳೆದು "ನಾಲ್ಕು ಹೆಜ್ಜೆ ನಡೀರಿ ಯಜಮಾನ್ರೆ" ಅಂದರು. ತೊಡೆಗೆ ಕೈ ಒತ್ತಿಕೊಂಡು ಗೋಡೆವರೆಗೆ ಹೋಗಿ ಬಂದರು. ಎಲ್ಲ ಮುಗಿದ ಮೇಲೆ "5 ವರ್ಷಕ್ಕೆ ಬರೀತೀನಿ, ಆಮೇಲೆ ರಿನ್ಯೂವಲ್‌ಗೆ ಬನ್ನಿ."

ಎಂತ ರಿನ್ಯೂವಲ್? ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಕಾಯಂ ಸರ್ಟಿಫಿಕೇಟ್ ಅಂತ ನಿಯಮದಲ್ಲೇ ಇದೆಯಲ್ಲ ಅಂದೆ. "ಸುಳ್ಳು ಹೇಳಿ ತಗೊಳ್ಳೋರು ಜಾಸ್ತಿ ಆಗಿದಾರೆ ಕಣ್ರೀ" ಅಂದರು. ಇರಬಹುದು. ಅಂಥವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ, ಹಾಕಿ. ಅದರ ಬದಲು ಸಣಕಲು ಕಾಲಿನ ಮುದುಕನನ್ನು 5 ವರ್ಷಕ್ಕೊಮ್ಮೆ ಪ್ಯಾಂಟ್ ಮಡಚಿಸಿ ನಿಲ್ಲಿಸುವುದಾ? ಕೊನೆಗೆ "ಮೆಡಿಕಲ್ ಬೋರ್ಡ್‌ನಲ್ಲಿ ಇಡ್ತೀವಿ" ಅಂದರು. ಇವತ್ತು ಪೋರ್ಟಲ್ ನೋಡಿದೆ, ಪೆಂಡಿಂಗ್.

ನಿನ್ನೆ ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಟೀ ಕುಡಿಯುವ ಅಂತ ಕಾರು ನಿಲ್ಲಿಸಿದೆ. "ಆ ಬಕಲ್ ಮತ್ತೆ ಯಾರು ಹಾಕೂದು, ನೀ ಕುಡ್ಕಂಡು ಬಾ" ಅಂದರು ಅಪ್ಪಯ್ಯ.